ಐದೇ ಸಾಕು ಎಂದ ಗೆಳೆಯರಿಗೆ

ನಮ್ಮ ಭಾನುವಾರದ ಸಂಗೀತ ಕೂಟದ ಎಲ್ಲರಿಗೂ,

ಹೋದ ವಾರ ನಿಮ್ಮಲ್ಲೊಬ್ಬರು ಕೇಳಿದ ಪ್ರಶ್ನೆಗೆ ನಾನು ಅಲ್ಲೇ ಉತ್ತರ ಕೊಡಲಿಲ್ಲ. ಮಳೆ ಶುರುವಾಗಿತ್ತು, ಎಲ್ಲರಿಗೂ ಮನೆ ಸೇರುವ ಅವಸರ. ಪ್ರಶ್ನೆ ಇಷ್ಟೇ: “ನೀಲ್ ಯಂಗ್ ನಲವತ್ತಕ್ಕೂ ಹೆಚ್ಚು ಆಲ್ಬಂ ಮಾಡಿದ್ದಾನಂತೆ, ಅದರಲ್ಲಿ ಅರ್ಧ ಜೊಳ್ಳಂತೆ. ಒಳ್ಳೆಯ ಐದು ಹೇಳಿಬಿಡಿ ಸರ್, ಕೇಳಿ ಮುಗಿಸ್ತೀವಿ.” ಉಳಿದವರೂ ತಲೆಯಾಡಿಸಿದಿರಿ. ಆ ‘ಕೇಳಿ ಮುಗಿಸ್ತೀವಿ’ ನನ್ನ ಜೊತೆ ಮನೆಯವರೆಗೂ ಬಂತು. ಅದಕ್ಕೇ ಈ ಪತ್ರ.

ಐದು ಹೆಸರು ಹೇಳುವುದು ಕಷ್ಟವೇನಲ್ಲ. ‘ಎವ್ರಿಬಡಿ ನೋಸ್ ದಿಸ್ ಈಸ್ ನೋವೇರ್’ (1969), ‘ಆಫ್ಟರ್ ದ ಗೋಲ್ಡ್ ರಷ್’ (1970), ‘ಆನ್ ದ ಬೀಚ್’ (1974), ‘ಟುನೈಟ್ಸ್ ದ ನೈಟ್’ (1975), ‘ರಸ್ಟ್ ನೆವರ್ ಸ್ಲೀಪ್ಸ್’ (1979). ತೆಗೆದುಕೊಳ್ಳಿ. ಯಾರ ಪಟ್ಟಿ ನೋಡಿದರೂ ಹೆಚ್ಚುಕಡಿಮೆ ಇವೇ ಇರುತ್ತವೆ, ನಾನೂ ಜಗಳ ಆಡುವುದಿಲ್ಲ. ಆದರೆ ಐದೂ ಸುಮಾರು ಹತ್ತೇ ವರ್ಷದಲ್ಲಿ ಬಂದವು ಎಂಬುದನ್ನು ಗಮನಿಸಿದಿರಾ? ಇಷ್ಟನ್ನೇ ಕೇಳಿ ನಿಲ್ಲಿಸಿದವರ ತಲೆಯಲ್ಲಿ ಒಂದು ಸಲೀಸಾದ ಕಥೆ ಕೂತುಬಿಡುತ್ತದೆ: ಹುಡುಗ ವಯಸ್ಸಿನಲ್ಲಿ ಚೆನ್ನಾಗಿ ಹಾಡಿದ, ಆಮೇಲೆ ಸರಕು ತೀರಿತು, ಹಳೆಯ ಹೆಸರಿನ ಬಡ್ಡಿಯಲ್ಲಿ ಕಾಲ ಹಾಕಿದ. ಎಷ್ಟೋ ಕಲಾವಿದರ ವಿಷಯದಲ್ಲಿ ಇದು ಸತ್ಯವೇ. ಯಂಗ್ ವಿಷಯದಲ್ಲಿ ಸುಳ್ಳು. ಅವನ ಕೆಟ್ಟ ಆಲ್ಬಂಗಳು ಹುಟ್ಟಿದ್ದು ಒಳ್ಳೆಯ ಆಲ್ಬಂಗಳು ಹುಟ್ಟಿದ ಅದೇ ಅಭ್ಯಾಸದಿಂದ. ನಾನು ಹೇಳಬೇಕೆಂದಿರುವುದು ಇಷ್ಟೇ, ಉಳಿದದ್ದು ಅದರ ವಿವರ.

(1945ರಲ್ಲಿ ಹುಟ್ಟಿದ ಹಿರಿಯನನ್ನು ಹೀಗೆ ಏಕವಚನದಲ್ಲಿ ಕರೆಯುತ್ತಿದ್ದಾರಲ್ಲ ಎಂದು ಕೆಲವರಿಗೆ ಇರುಸುಮುರುಸಾದೀತು. ಮೂವತ್ತು ವರ್ಷ ನಮ್ಮ ಮನೆಯಲ್ಲೇ ಹಾಡಿಕೊಂಡಿದ್ದವನಿಗೆ ಬಹುವಚನ ಬಾಯಿಗೆ ಬರುವುದಿಲ್ಲ.)

ನಾನು ಅವನನ್ನು ಕೇಳಿದ್ದು ಪೂರ್ತಿ ಹಿಂದುಮುಂದಾಗಿ. ತೊಂಬತ್ತರ ದಶಕದ ನಡುವೆ ಬೆಂಗಳೂರಿನಲ್ಲಿ ಕೈಗೆ ಸಿಕ್ಕಿದ ಮೊದಲ ಕ್ಯಾಸೆಟ್ ‘ಹಾರ್ವೆಸ್ಟ್ ಮೂನ್’. 1992ರದು, ಮೆತ್ತಗಿನದು, ಸಂಜೆ ಹೊತ್ತಿಗೆ ಹಿತವಾದದ್ದು. ಟೇಪ್ ರೆಕಾರ್ಡರ್‌ಗೆ ಹಾಕಿದ ಎರಡನೇ ನಿಮಿಷಕ್ಕೆ ಅಪ್ಪ ಒಳಗಿನಿಂದ “ಯಾರಿಗೋ ಹಲ್ಲು ನೋವಾ?” ಎಂದು ಕೇಳಿದ್ದರು. ಅವರು ಬೆಳಗ್ಗೆ ಎದ್ದರೆ ತಂಬೂರಿ ಶ್ರುತಿ ಹಾಕಿಕೊಂಡು ಕೂರುತ್ತಿದ್ದ ಮನುಷ್ಯ. ಅವರ ಮಾತಿನಲ್ಲಿ ತಪ್ಪೂ ಇರಲಿಲ್ಲ. ಯಂಗ್ ದನಿ ತೆಳ್ಳಗೆ, ಎತ್ತರದಲ್ಲಿ, ನಡುಗುತ್ತ ಹೋಗುತ್ತದೆ. ಆಗಾಗ ಶ್ರುತಿ ಬಿಟ್ಟು ಪಕ್ಕಕ್ಕೆ ಜಾರುತ್ತದೆ, ಯಾವಾಗಲೋ ಹಿಂದಕ್ಕೆ ಬರುತ್ತದೆ. ಶ್ರುತಿಶುದ್ಧ ಸಂಗೀತದ ನಡುವೆ ಬೆಳೆದ ಕಿವಿಗೆ ಇದು ಮೊದಲ ತೊಡಕು. ನಿಮ್ಮಲ್ಲಿ ಇಬ್ಬರು ಮುಖ ಕಿವುಚಿದ್ದನ್ನು ನಾನು ನೋಡಿದ್ದೇನೆ. ಒಂದು ತಿಂಗಳು ಸಮಯ ಕೊಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಅವನ ಕೆಲಸದ ರೀತಿ ಗೊತ್ತಿಲ್ಲದೆ ಅವನ ಏರಿಳಿತ ಅರ್ಥವಾಗುವುದಿಲ್ಲ. ಹಾಡು ಬಂದ ಕೂಡಲೇ ರೆಕಾರ್ಡ್ ಮಾಡಬೇಕು. ವಾದ್ಯದವರಿಗೆ ಹಾಡು ಪೂರ್ತಿ ಬಾಯಿಪಾಠ ಆಗುವುದರೊಳಗೆ ಟೇಪು ಓಡುತ್ತಿರಬೇಕು. ಮೊದಲ ಟೇಕ್, ಬಹಳವೆಂದರೆ ಎರಡನೆಯದು. ತಪ್ಪಿದ್ದರೆ ತಪ್ಪು ಇರಲಿ. ಅವನ ಬಹುತೇಕ ಮುಖ್ಯ ಆಲ್ಬಂಗಳಿಗೆ ಜೊತೆ ನಿಂತ ನಿರ್ಮಾಪಕ ಡೇವಿಡ್ ಬ್ರಿಗ್ಸ್, ಯೋಚನೆ ಹೆಚ್ಚಾದಷ್ಟೂ ಹಾಡು ನಾರುತ್ತದೆ ಎಂಬರ್ಥದ ಮಾತನ್ನು ಮಂತ್ರದಂತೆ ಹೇಳುತ್ತಿದ್ದನಂತೆ. ಹುಣ್ಣಿಮೆ ನೋಡಿಕೊಂಡು ರೆಕಾರ್ಡಿಂಗ್ ಇಟ್ಟುಕೊಳ್ಳುವ ಚಾಳಿಯೂ ಯಂಗ್‌ಗೆ ಇದೆ. ನಮ್ಮಲ್ಲಿ ಪಂಚಾಂಗ ನೋಡುವವರನ್ನು ಕಂಡು ನಗುವವರು ಇದನ್ನು ಮೆಚ್ಚಿಕೊಂಡು ಓದುತ್ತಾರೆ, ಅದಿರಲಿ. ‘ಸಿನಮನ್ ಗರ್ಲ್’, ‘ಡೌನ್ ಬೈ ದ ರಿವರ್’, ‘ಕೌಗರ್ಲ್ ಇನ್ ದ ಸ್ಯಾಂಡ್’ ಮೂರನ್ನೂ 103 ಡಿಗ್ರಿ ಜ್ವರದಲ್ಲಿ ಮಲಗಿದ್ದಾಗ ಒಂದೇ ದಿನ ಬರೆದ. ಅವನ್ನು ನುಡಿಸಲು ಸಿಕ್ಕಿದ್ದು ಕ್ರೇಜಿ ಹಾರ್ಸ್ ಎಂಬ ತಂಡ: ಡ್ಯಾನಿ ವಿಟನ್, ಬಿಲ್ಲಿ ಟಾಲ್ಬಟ್, ರಾಲ್ಫ್ ಮೊಲಿನಾ. ಪಳಗಿದ ಸ್ಟುಡಿಯೋ ವಾದಕರು ಇವರ ನುಡಿಸಾಣಿಕೆ ಕೇಳಿ ಹುಬ್ಬು ಗಂಟಿಕ್ಕುತ್ತಿದ್ದರು. ಲಯ ಎತ್ತಿನ ಗಾಡಿಯದು. ಆದರೆ ‘ಡೌನ್ ಬೈ ದ ರಿವರ್’ನಲ್ಲಿ ಗಿಟಾರ್ ಮುಂದೆ ಬಂದು ಒಂದೇ ಸ್ವರವನ್ನು ಮತ್ತೆ ಮತ್ತೆ, ಬಾಗಿಲು ಬಡಿದ ಹಾಗೆ, ಮೀಟುವುದನ್ನು ಕೇಳಿ. ಆ ಗಾಡಿಯ ಮೇಲೆ ಕೂತೇ ಅದನ್ನು ಮಾಡಲು ಸಾಧ್ಯ. ಬೇರೆ ಯಾರ ಕೈಯಲ್ಲಾದರೂ ಅದೇ ಸ್ವರ ಬೇಸರ ತರಿಸುತ್ತಿತ್ತು.

ಈಗ ‘ಹಾರ್ವೆಸ್ಟ್’ ವಿಷಯ. 1972ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಅದು. ಅದರ ‘ಹಾರ್ಟ್ ಆಫ್ ಗೋಲ್ಡ್’ ಅಲ್ಲಿಯ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋದ ಅವನ ಒಂದೇ ಹಾಡು. ನನ್ನ ಐದರಲ್ಲಿ ಯಾಕಿಲ್ಲ ಎಂದು ಕೇಳಬಹುದು. ಎರಡು ಹಾಡಿಗೆ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಸೇರಿಸಿದ್ದಾನೆ, ಮುದ್ದೆ ಊಟಕ್ಕೆ ಬೆಳ್ಳಿ ತಟ್ಟೆ ಇಟ್ಟ ಹಾಗಿದೆ. ಆ ಆಲ್ಬಂ ಅಷ್ಟು ಮೃದುವಾಗಿದ್ದಕ್ಕೆ ಒಂದು ಕಾರಣ ಬೆನ್ನುನೋವು. ಬೆನ್ನುಮೂಳೆಯ ತೊಂದರೆಯಿಂದ ಪಟ್ಟಿ ಕಟ್ಟಿಕೊಂಡಿದ್ದ, ಭಾರದ ಎಲೆಕ್ಟ್ರಿಕ್ ಗಿಟಾರ್ ಹೊತ್ತು ನಿಲ್ಲಲು ಆಗುತ್ತಿರಲಿಲ್ಲ, ಕೂತು ಅಕೂಸ್ಟಿಕ್ ಹಿಡಿದ. ಲೋಕಕ್ಕೆ ಆ ಕೂತ ಮನುಷ್ಯನೇ ಇಷ್ಟವಾಗಿಬಿಟ್ಟ.

ಅದೇ ಆಲ್ಬಂನಲ್ಲಿ ‘ದ ನೀಡಲ್ ಅಂಡ್ ದ ಡ್ಯಾಮೇಜ್ ಡನ್’ ಇದೆ, ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಜನರ ಮುಂದೆ ಹಾಡಿದ ಎರಡು ನಿಮಿಷದ ಹಾಡು. ಹೆರಾಯಿನ್‌ಗೆ ಬಿದ್ದಿದ್ದ ಡ್ಯಾನಿ ವಿಟನ್‌ನನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಚಪ್ಪಾಳೆ ಮುಗಿಯುವುದಕ್ಕೂ ಬಿಡದೆ ಟೇಪು ಕತ್ತರಿಸಿ ಮುಂದಿನ ಹಾಡಿಗೆ ಹಾರಿಸಿದ್ದಾನೆ. 1972ರ ನವೆಂಬರ್‌ನಲ್ಲಿ ಪ್ರವಾಸದ ತಾಲೀಮಿಗೆ ವಿಟನ್ ಬಂದ, ನುಡಿಸಲಾಗಲಿಲ್ಲ. ಯಂಗ್ ಅವನ ಕೈಗೆ ವಿಮಾನದ ಟಿಕೆಟ್ಟೂ ಐವತ್ತು ಡಾಲರೂ ಕೊಟ್ಟು ಕಳಿಸಿದ. ಅದೇ ರಾತ್ರಿ ವಿಟನ್ ಸತ್ತ. ಆಮೇಲೆ ಬಂದ ಮೂರು ಆಲ್ಬಂಗಳನ್ನು ಕೇಳುವಾಗ ಆ ಐವತ್ತು ಡಾಲರ್ ನನ್ನ ಕಣ್ಣ ಮುಂದೆ ಇರುತ್ತದೆ.

ಹೆದ್ದಾರಿಯ ನಡುವೆ ಹೋಗುವುದು ಬೇಸರ ತಂದಿತು, ಪಕ್ಕದ ಹಳ್ಳಕ್ಕೆ ಇಳಿದೆ ಎಂಬ ಅರ್ಥದ ಮಾತನ್ನು ಯಂಗ್ 1977ರ ಸಂಕಲನವೊಂದರ ಟಿಪ್ಪಣಿಯಲ್ಲಿ ಬರೆದ. ಅಲ್ಲಿಂದ ಆ ಮೂರಕ್ಕೂ ‘ಹಳ್ಳದ ಆಲ್ಬಂಗಳು’ ಎಂಬ ಹೆಸರು ನಿಂತಿತು. ಮೊದಲನೆಯದು ‘ಟೈಮ್ ಫೇಡ್ಸ್ ಅವೇ’. ‘ಹಾರ್ವೆಸ್ಟ್’ ಕೇಳಲು ಟಿಕೆಟ್ ಕೊಂಡು ಬಂದ ದೊಡ್ಡ ದೊಡ್ಡ ಸಭಾಂಗಣದ ಜನಕ್ಕೆ ಯಾರೂ ಕೇಳಿರದ ಹೊಸ ಹಾಡುಗಳನ್ನು ಒರಟಾಗಿ ಹಾಡಿ, ಅದನ್ನೇ ರೆಕಾರ್ಡ್ ಮಾಡಿ ಬಿಡುಗಡೆ ಮಾಡಿದ. ಅದು ಅವನಿಗೇ ಬೇಡವಾಗಿ ದಶಕಗಳ ಕಾಲ ಸಿಡಿಯಲ್ಲಿ ಬರಲೇ ಇಲ್ಲ. ಎರಡನೆಯದು ‘ಆನ್ ದ ಬೀಚ್’. ಅದೂ ಸಿಡಿಯಾಗಿ ಬಂದದ್ದು 2003ರಲ್ಲಿ. ಮುಖಪುಟ ನೋಡಿ: ಹಳದಿ ಅಂಗಿ ತೊಟ್ಟು ಸಮುದ್ರದ ಕಡೆ ತಿರುಗಿ ನಿಂತಿದ್ದಾನೆ, ಮರಳಿನಲ್ಲಿ ಕ್ಯಾಡಿಲಾಕ್ ಕಾರಿನ ಬಾಲ ಹೂತಿದೆ, ಪಕ್ಕದಲ್ಲಿ ನಿಕ್ಸನ್ ರಾಜೀನಾಮೆ ಕೇಳುವ ತಲೆಬರಹದ ಪತ್ರಿಕೆ ಬಿದ್ದಿದೆ. ಅದರ ಎರಡನೇ ಮಗ್ಗುಲಿನ ಮೂರು ಹಾಡು ಅವನ ಇಡೀ ಬದುಕಿನ ಅತ್ಯುತ್ತಮ ಕೆಲಸ ಎಂಬುದು ನನ್ನ ತೀರ್ಪು. ಕೊನೆಯ ‘ಆಂಬುಲೆನ್ಸ್ ಬ್ಲೂಸ್’ ಸುಮಾರು ಒಂಬತ್ತು ನಿಮಿಷದ್ದು. ಮಟ್ಟು ಬ್ರಿಟಿಷ್ ಗಾಯಕ ಬರ್ಟ್ ಜಾನ್ಶ್‌ನ ಹಾಡಿನಿಂದ ತನಗೆ ಗೊತ್ತಿಲ್ಲದೇ ಬಂದುಬಿಟ್ಟಿದೆ ಎಂದು ಆಮೇಲೆ ಒಪ್ಪಿಕೊಂಡ. ರಾತ್ರಿ ಹತ್ತರ ಮೇಲೆ, ದೀಪ ಆರಿಸಿ, ಒಬ್ಬರೇ ಕೇಳಿ. ಕಾರಿನಲ್ಲಿ ಬೇಡ.

ಮೂರನೆಯದು ‘ಟುನೈಟ್ಸ್ ದ ನೈಟ್’. ವಿಟನ್ ಸತ್ತ ಮರುವರ್ಷ ವಾದ್ಯದ ಸಾಮಾನು ಸಾಗಿಸುತ್ತಿದ್ದ ಬ್ರೂಸ್ ಬೆರ್ರಿಯೂ ಸತ್ತ, ಹೆರಾಯಿನ್‌ನಿಂದ. ಉಳಿದವರು ಹಾಲಿವುಡ್‌ನ ತಾಲೀಮು ಕೊಠಡಿಯೊಂದರಲ್ಲಿ ನಡುರಾತ್ರಿ ಸೇರಿ, ಕುಡಿದು, ಸತ್ತವರಿಗಾಗಿ ನುಡಿಸಿದ್ದು ಅದು. ನಮ್ಮೂರ ಕಡೆ ಹೆಣದ ಪಕ್ಕ ರಾತ್ರಿಯೆಲ್ಲ ಕೂತು ಹಾಡುವ ಭಜನೆ ಕೇಳಿದವರಿಗೆ ಈ ದನಿ ಹೊಸದಲ್ಲ. ಅಲ್ಲೂ ಗಂಟಲು ಒಡೆದಿರುತ್ತದೆ, ತಾಳ ತಪ್ಪಿರುತ್ತದೆ, ಯಾರೂ ತಿದ್ದುವುದಿಲ್ಲ. ‘ಮೆಲೋ ಮೈ ಮೈಂಡ್’ನಲ್ಲಿ ದನಿ ಮೇಲಕ್ಕೆ ಹೋಗಿ ಬಿರಿಯುವ ಒಂದು ಕ್ಷಣವಿದೆ. ಬೇರೆ ಯಾವ ಗಾಯಕನಾದರೂ ಅದನ್ನು ಅಳಿಸಿ ಮತ್ತೆ ಹಾಡುತ್ತಿದ್ದ.

1973ರಲ್ಲಿ ಮಾಡಿದ ಆ ಟೇಪು ಎರಡು ವರ್ಷ ಮೂಲೆಯಲ್ಲಿ ಬಿದ್ದಿತ್ತು. 1975ರ ಹೊತ್ತಿಗೆ ಯಂಗ್ ‘ಹೋಮ್‌ಗ್ರೋನ್’ ಎಂಬ ಇನ್ನೊಂದು ಆಲ್ಬಂ ಮುಗಿಸಿದ್ದ. ನಟಿ ಕ್ಯಾರಿ ಸ್ನಾಡ್‌ಗ್ರೆಸ್ ಜೊತೆಗಿನ ಸಂಬಂಧ ಮುರಿದದ್ದರ ಹಾಡುಗಳು, ‘ಹಾರ್ವೆಸ್ಟ್’ ಮೆಚ್ಚಿದವರು ಕೈಚಾಚಿ ಕೊಳ್ಳುವಂಥವು. ಸ್ನೇಹಿತರನ್ನು ಕೂರಿಸಿಕೊಂಡು ಕೇಳಿಸಿದ. ಅದೇ ರೀಲಿನಲ್ಲಿ ಹಿಂದೆಯೇ ‘ಟುನೈಟ್ಸ್ ದ ನೈಟ್’ ಕೂಡ ಇತ್ತು. ಎರಡನ್ನೂ ಕೇಳಿದ ‘ದ ಬ್ಯಾಂಡ್’ ತಂಡದ ರಿಕ್ ಡ್ಯಾಂಕೋ, ಇದನ್ನೇ ಬಿಡುಗಡೆ ಮಾಡು ಎಂದು ಎರಡನೆಯದರ ಕಡೆ ಬೆರಳು ತೋರಿಸಿದ. ಯಂಗ್ ಹಾಗೇ ಮಾಡಿದ. ‘ಹೋಮ್‌ಗ್ರೋನ್’ ಹೊರಬಂದದ್ದು 2020ರಲ್ಲಿ, ನಲವತ್ತೈದು ವರ್ಷದ ನಂತರ. ಈಗ ಹೇಳಿ, ಒಂದು ಸಂಜೆಯ ಮನಸ್ಸಿನಲ್ಲಿ ಇಷ್ಟು ದೊಡ್ಡ ತೀರ್ಮಾನ ಮಾಡುವ ಮನುಷ್ಯನಿಂದ ಸಮತಟ್ಟಾದ ಆಲ್ಬಂ ಸಾಲು ಹೇಗೆ ಬರಬೇಕು? 1978ರಲ್ಲಿ ‘ಕಮ್ಸ್ ಎ ಟೈಮ್’ನ ಧ್ವನಿಮುದ್ರಣ ಮನಸ್ಸಿಗೆ ಒಪ್ಪದೆ ತನ್ನದೇ ಎರಡು ಲಕ್ಷ ಪ್ರತಿಗಳನ್ನು ಕೊಂಡುಬಿಟ್ಟ, ಅವನ್ನು ಕೊಟ್ಟಿಗೆಯ ಮಾಡಿಗೆ ಹೊದಿಸಿದೆ ಎಂದು ಆಮೇಲೆ ಹೇಳಿಕೊಂಡ.

ಎಂಬತ್ತರ ದಶಕಕ್ಕೆ ಬರೋಣ. ನೀವು ‘ಜೊಳ್ಳು’ ಎಂದದ್ದು ಇದನ್ನೇ ಇರಬೇಕು.

‘ಟ್ರಾನ್ಸ್’ ಬಂದದ್ದು 1982 ಮುಗಿದು 83 ಶುರುವಾಗುವ ಹೊತ್ತಿಗೆ. ಅರ್ಧಕ್ಕಿಂತ ಹೆಚ್ಚು ಹಾಡುಗಳಲ್ಲಿ ಅವನ ದನಿ ವೋಕೋಡರ್ ಎಂಬ ಯಂತ್ರದೊಳಗಿಂದ ಬರುತ್ತದೆ, ರೋಬೋ ಮಾತಾಡಿದಂತೆ. ಕೇಳಿದವರು ತಲೆ ಚಚ್ಚಿಕೊಂಡರು. ಆಗ ಅವನು ಹೊರಗೆ ಹೇಳದಿದ್ದ ಸಂಗತಿ ಒಂದಿತ್ತು. 1978ರಲ್ಲಿ ಹುಟ್ಟಿದ ಮಗ ಬೆನ್‌ಗೆ ಸೆರೆಬ್ರಲ್ ಪಾಲ್ಸಿ, ಮಾತು ಬರುತ್ತಿರಲಿಲ್ಲ. ತಂದೆತಾಯಿ ಇಬ್ಬರೂ ದಿನದ ಬಹುಪಾಲು ಅವನ ವ್ಯಾಯಾಮ, ಚಿಕಿತ್ಸೆಗಳಲ್ಲೇ ಕಳೆಯುತ್ತಿದ್ದರು. ಮಗ ಹೇಳುವುದು ಅಪ್ಪನಿಗೆ ಅರ್ಥವಾಗುತ್ತಿಲ್ಲ. ಅಪ್ಪ ತಾನೂ ಜನಕ್ಕೆ ಅರ್ಥವಾಗದ ದನಿಯಲ್ಲಿ ಹಾಡಿದ. ‘ಟ್ರಾನ್ಸ್‌ಫಾರ್ಮರ್ ಮ್ಯಾನ್’ ಆ ಮಗನಿಗೇ ಹಾಡಿದ್ದು. ಇದು ಗೊತ್ತಾದ ತಕ್ಷಣ ಆಲ್ಬಂ ಚೆನ್ನಾಗಿಬಿಡುತ್ತದೆ ಎಂದು ನಾನು ಹೇಳುತ್ತಿಲ್ಲ. ಕೆಲವು ಹಾಡು ಗೊತ್ತಾದ ಮೇಲೂ ಸಪ್ಪೆಯೇ. ಆದರೆ 1993ರ ‘ಅನ್‌ಪ್ಲಗ್ಡ್’ ಕಾರ್ಯಕ್ರಮದಲ್ಲಿ ಅದೇ ಹಾಡನ್ನು ಯಂತ್ರವಿಲ್ಲದೆ, ಅಕೂಸ್ಟಿಕ್ ಗಿಟಾರ್ ಹಿಡಿದು ಹಾಡಿದ್ದಾನೆ. ಮೊದಲು ಅದನ್ನು ಕೇಳಿ, ಆಮೇಲೆ ಯಂತ್ರದ್ದು. ಕೆಳಗೆ ಹರಿಯುತ್ತಿದ್ದ ಲಾಲಿ ಆಗ ಕಿವಿಗೆ ಬೀಳುತ್ತದೆ. ನನಗೆ ಅದು ಬೀಳಲು ಹನ್ನೆರಡು ವರ್ಷ ಬೇಕಾಯಿತು. ಬೆನ್‌ನಂಥ ಮಕ್ಕಳಿಗಾಗಿ ಅವನ ಆಗಿನ ಹೆಂಡತಿ ಪೆಗಿ ಮತ್ತು ಇತರರು ಸೇರಿ ಕ್ಯಾಲಿಫೋರ್ನಿಯಾದಲ್ಲಿ ಬ್ರಿಡ್ಜ್ ಸ್ಕೂಲ್ ಕಟ್ಟಿದರು, ಅದಕ್ಕೆ ಹಣ ಕೂಡಿಸಲು 1986ರಿಂದ 2016ರವರೆಗೆ ಕಛೇರಿಗಳು ನಡೆದವು.

‘ಟ್ರಾನ್ಸ್’ ಆದ ಮೇಲೆ ಹಳ್ಳಿಗಾಡಿನ ಶೈಲಿಯ ಆಲ್ಬಂ ಒಂದನ್ನು ಕೊಟ್ಟರೆ ಅವನ ಆಲ್ಬಂ ಬಿಡುಗಡೆ ಮಾಡುತ್ತಿದ್ದ ಗೆಫೆನ್ ಕಂಪನಿ ಬೇಡ ಎಂದಿತು, ರಾಕ್ ಅಂಡ್ ರೋಲ್ ಕೊಡು ಎಂದಿತು. ಇವನು ತಲೆಗೂದಲು ಹಿಂದಕ್ಕೆ ಬಾಚಿ, ಐವತ್ತರ ದಶಕದ ಹಳೆ ಮಾದರಿಯ ರಾಕ್ ಅಂಡ್ ರೋಲ್ ಅನ್ನೇ ಇಪ್ಪತ್ತೈದು ನಿಮಿಷ ನುಡಿಸಿ ‘ಎವ್ರಿಬಡೀಸ್ ರಾಕಿನ್’ ಎಂದು ಹೆಸರಿಟ್ಟು ಕೈಗಿತ್ತ. 1983ರ ಕೊನೆಗೆ ಕಂಪನಿ 33 ಲಕ್ಷ ಡಾಲರ್ ಕೇಳಿ ದಾವೆ ಹೂಡಿತು: ಇವನ ಸಂಗೀತ ಇವನ ಸಂಗೀತದಂತೆ ಇಲ್ಲ ಎಂಬುದು ದೂರಿನ ತಿರುಳು. ಗಾಯಕನೊಬ್ಬ ತನ್ನಂತೆ ಹಾಡಲಿಲ್ಲ ಎಂದು ಕೋರ್ಟಿಗೆ ಎಳೆಸಿಕೊಂಡದ್ದು ಸಣ್ಣ ಬಿರುದೇನಲ್ಲ. ಹಾಗೆಂದು ಆ ಆಲ್ಬಂ ಒಳ್ಳೆಯದಲ್ಲ. ಹಟಕ್ಕೆ ಮಾಡಿದ ಅಡುಗೆ ಹೇಗಿರುತ್ತದೋ ಹಾಗಿದೆ. 1986ರ ‘ಲ್ಯಾಂಡಿಂಗ್ ಆನ್ ವಾಟರ್’ ಅದಕ್ಕಿಂತ ಕಡೆ, ಡ್ರಮ್ ಶಬ್ದಕ್ಕೇ ತಲೆನೋವು ಬರುತ್ತದೆ. ಅದನ್ನು ಸಮರ್ಥಿಸುವ ಕೆಲಸ ನನಗೆ ಒಪ್ಪಿಸಬೇಡಿ.

1989ರಲ್ಲಿ ‘ಫ್ರೀಡಮ್’ ಬಂತು, ಮುಂದಿನ ವರ್ಷ ‘ರ‍್ಯಾಗ್ಡ್ ಗ್ಲೋರಿ’. ಸೋತು ಎದ್ದ ಎಂದು ಎಲ್ಲರೂ ಬರೆದರು. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಹತ್ತು ವರ್ಷ ಕಂಡಕಂಡ ವೇಷ ಹಾಕಿ ಕುಣಿದವನ ಕಾಲು ಸಡಿಲಾಗಿತ್ತು, ಆ ಸಡಿಲವೇ ‘ರ‍್ಯಾಗ್ಡ್ ಗ್ಲೋರಿ’ಯ ಹತ್ತು ನಿಮಿಷದ ಗಿಟಾರ್ ಓಟಗಳಲ್ಲಿದೆ. ಅದರ ಬೆನ್ನಿಗೇ 1991ರಲ್ಲಿ ‘ಆರ್ಕ್’ ಎಂದು ಮೂವತ್ತೈದು ನಿಮಿಷ ಬರೀ ಗಿಟಾರಿನ ಗೊರಗೊರ ಶಬ್ದ ಜೋಡಿಸಿ ಕೊಟ್ಟ, ಮರುವರ್ಷ ನಮ್ಮಪ್ಪನಿಗೆ ಹಲ್ಲುನೋವು ಎನಿಸಿದ ‘ಹಾರ್ವೆಸ್ಟ್ ಮೂನ್’. ಎರಡನ್ನೂ ಮಾಡಿದ್ದು ಒಬ್ಬನೇ.

2000ದ ಈಚಿನದರಲ್ಲಿ ಕಾಳಿಗಿಂತ ಹೊಟ್ಟು ಹೆಚ್ಚು, ಒಪ್ಪುತ್ತೇನೆ. ಇರಾಕ್ ಯುದ್ಧದ ಮೇಲಿನ ಸಿಟ್ಟಿನಲ್ಲಿ, ನೂರು ಜನರ ಮೇಳ ಕಟ್ಟಿಕೊಂಡು ದಿಢೀರನೆ ಮಾಡಿದ ‘ಲಿವಿಂಗ್ ವಿತ್ ವಾರ್’ (2006) ಇವತ್ತಿಗೂ ಬಿಸಿಯಾಗಿದೆ. ಅದೇ ದಿಢೀರ್ ಹಸ್ತದಿಂದ ಬಂದ ‘ಫೋರ್ಕ್ ಇನ್ ದ ರೋಡ್’ (2009) ತಣ್ಣಗಿನ ಉಪ್ಪಿಟ್ಟು. ಹಳೆಯ ಲಿಂಕನ್ ಕಾರನ್ನು ವಿದ್ಯುತ್ತಿನಿಂದ ಓಡಿಸುವ ಹುಚ್ಚು ಅವನಿಗೆ ಆಗ ಹಿಡಿದಿತ್ತು, ಹಾಡೆಲ್ಲ ಅದರ ಸುತ್ತಲೇ. ಮರುವರ್ಷ ‘ಲೆ ನಾಯ್ಸ್’. ನಿರ್ಮಾಪಕ ಡೇನಿಯಲ್ ಲಾನ್ವಾ, ಮುಂದೆ ಒಬ್ಬನೇ ಮನುಷ್ಯ, ಒಂದು ಗಿಟಾರ್, ಅಷ್ಟೇ. ಅವನ ಸರಕು ತೀರಿತು ಎಂದುಕೊಂಡವರು ಇದನ್ನು ಕೇಳಲೇಬೇಕು. ‘ಸೈಕಡೆಲಿಕ್ ಪಿಲ್’ (2012) ಶುರುವಾಗುವುದೇ ಇಪ್ಪತ್ತೇಳು ನಿಮಿಷದ ಹಾಡಿನಿಂದ, ನಾನು ಅದನ್ನು ಬಟ್ಟೆ ಇಸ್ತ್ರಿ ಮಾಡುತ್ತ ಕೇಳುತ್ತೇನೆ.

‘ಲೆ ನಾಯ್ಸ್’ನಲ್ಲಿ ‘ಹಿಚ್‌ಹೈಕರ್’ ಎಂಬ ಹಾಡಿದೆ. ಹೊಸದೆಂದು ಹಲವರು ಕೇಳಿದರು. 2017ರಲ್ಲಿ ಅದೇ ಹೆಸರಿನ ಆಲ್ಬಂ ಬಂದಾಗ ಗೊತ್ತಾಯಿತು, 1976ರ ಆಗಸ್ಟಿನ ಒಂದು ರಾತ್ರಿ ಮಾಲಿಬುವಿನ ಸ್ಟುಡಿಯೋದಲ್ಲಿ ಬ್ರಿಗ್ಸ್ ಎದುರು ಒಬ್ಬನೇ ಕೂತು ಹಾಡಿಟ್ಟದ್ದು ಅದು. ‘ಪೌಡರ್‌ಫಿಂಗರ್’ ಕೂಡ ಆ ರಾತ್ರಿಯ ಟೇಪಿನಲ್ಲಿದೆ. ನನ್ನ ಐದರ ಪಟ್ಟಿಯ ‘ರಸ್ಟ್ ನೆವರ್ ಸ್ಲೀಪ್ಸ್’ನಲ್ಲಿ ಅದು ಇಡೀ ತಂಡದ ಗುಡುಗು, ಇಲ್ಲಿ ನದಿಯ ದಡದಲ್ಲಿ ಒಂಟಿಯಾಗಿ ನಿಂತ ಹುಡುಗನ ಪಿಸುಮಾತು. 2022ರಲ್ಲಿ ಬಂದ ‘ಟೋಸ್ಟ್’ 2001ರದು. 2023ರಲ್ಲಿ ಬಂದ ‘ಕ್ರೋಮ್ ಡ್ರೀಮ್ಸ್’ 1977ರದು. ಇವನ್ನೆಲ್ಲ ಆಗಾಗಲೇ ಬಿಟ್ಟಿದ್ದರೆ ನೀವು ಹೇಳುವ ಏರಿಳಿತದ ನಕ್ಷೆಯೇ ಬೇರೆ ಇರುತ್ತಿತ್ತು. ಒಳ್ಳೆಯದನ್ನು ಕಣಜದಲ್ಲಿಟ್ಟು ಜೊಳ್ಳನ್ನು ಸಂತೆಗೆ ಕಳಿಸಿದ ರೈತ ಇವನು.

ಹಾಗಾದರೆ ಎಲ್ಲಿಂದ ಶುರು ಎಂದರೆ, ಐದರಿಂದಲೇ ಶುರು ಮಾಡಿ, ಅಡ್ಡಿಯಿಲ್ಲ. ಆದರೆ ಪ್ರತಿಯೊಂದು ಮುಗಿದ ಮೇಲೆ ಅದರ ಆಚೀಚೆ ಬಂದದ್ದನ್ನೂ ಕೇಳಿ. ‘ಟುನೈಟ್ಸ್ ದ ನೈಟ್’ ಆದ ಮೇಲೆ ‘ಹೋಮ್‌ಗ್ರೋನ್’. ‘ರಸ್ಟ್’ ಆದ ಮೇಲೆ, ಧೈರ್ಯ ಮಾಡಿ, ‘ಟ್ರಾನ್ಸ್’. ಅವನು ಏನನ್ನು ಬಿಟ್ಟು ಏನನ್ನು ಹಿಡಿದ ಎಂಬುದು ಆಗಲೇ ತಿಳಿಯುವುದು. ಇಷ್ಟವಾಗದಿದ್ದರೆ ಬಯ್ಯಿರಿ, ಕೇಳಿ ಬಯ್ಯಿರಿ. 2022ರ ಜನವರಿಯಲ್ಲಿ ಅವನೇ ಸಿಟ್ಟು ಮಾಡಿಕೊಂಡು ಸ್ಪಾಟಿಫೈಯಿಂದ ಹಾಡು ತೆಗೆಸಿದ್ದ, 2024ರಲ್ಲಿ ವಾಪಸು ಬಂದಿದ್ದಾನೆ. ಆದ್ದರಿಂದ ಸಿಗಲಿಲ್ಲ ಎಂಬ ನೆಪ ಈಗ ನಡೆಯುವುದಿಲ್ಲ.

ಮುಂದಿನ ಭಾನುವಾರ ಐದು ಗಂಟೆಗೆ ಬರುವಾಗ ‘ಆನ್ ದ ಬೀಚ್’ನ ಎರಡನೇ ಮಗ್ಗುಲು ಕೇಳಿಕೊಂಡು ಬನ್ನಿ. ನಾನು ‘ಟ್ರಾನ್ಸ್’ ಮತ್ತು ‘ಅನ್‌ಪ್ಲಗ್ಡ್’ ಎರಡನ್ನೂ ತರುತ್ತೇನೆ, ಪಕ್ಕಪಕ್ಕ ಹಾಕೋಣ. ‘ಲ್ಯಾಂಡಿಂಗ್ ಆನ್ ವಾಟರ್’ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಮನೆಯಲ್ಲೇ ಬಿಟ್ಟು ಬನ್ನಿ.

ಇಂತಿ ನಿಮ್ಮ,
ಮೂಲೆ ಕುರ್ಚಿಯವನು